ತೆರಿಗೆ ಲೆಕ್ಕಕ್ಕೆ ಹೋಗುವ ಮುನ್ನ ಕಟ್ಟಿಕೊಳ್ಳಬೇಕಾದ ಮೂರು ಗಂಟುಗಳು



“ನಮಗೇತರ ತೆರಿಗೆ? ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವಲ್ಲ” ಎಂಬ ಮಾತನ್ನು ನಮ್ಮ ಹಳ್ಳಿಗಳ ಅರಳಿಕಟ್ಟೆಯಲ್ಲಿ ಯಾರೂ ಕೇಳಿಯೇ ಇರುತ್ತಾರೆ. ಮಾತು ಸುಳ್ಳಲ್ಲ. 1886ರಷ್ಟು ಹಿಂದೆಯೇ ಆದಾಯ ತೆರಿಗೆಯ ಕಾಯ್ದೆಯು ಬೇಸಾಯದ ಆದಾಯವನ್ನು ಹೊರಗಿಟ್ಟಿತು. 1922ರ ಕಾಯ್ದೆಯೂ, 1961ರ ಕಾಯ್ದೆಯೂ ಅದನ್ನೇ ಮುಂದುವರಿಸಿದವು. 2025ರ ಹೊಸ ಕಾಯ್ದೆಯಲ್ಲಿಯೂ ಆ ವಿನಾಯಿತಿ ಉಳಿದಿದೆ.

ಆದರೆ ಮಾತು ಅರ್ಧ ಮಾತ್ರ. ಕಾಯ್ದೆಯು ‘ರೈತನ ಆದಾಯ’ಕ್ಕೆ ವಿನಾಯಿತಿ ಕೊಟ್ಟಿಲ್ಲ, ‘ಬೇಸಾಯದ ಆದಾಯ’ಕ್ಕೆ ಕೊಟ್ಟಿದೆ. ವಿನಾಯಿತಿ ಇರುವುದು ಬೆಳೆಗೆ, ಬೆಳೆದವನಿಗಲ್ಲ. ಒಬ್ಬನೇ ರೈತನ ಮನೆಗೆ ರಾಗಿಯ ಹಣ ಬರುತ್ತದೆ, ಹಾಲಿನ ಬಟವಾಡೆ ಬರುತ್ತದೆ, ಬ್ಯಾಂಕಿನ ಬಡ್ಡಿ ಬರುತ್ತದೆ, ರಸ್ತೆಗೆ ಹೋದ ಜಮೀನಿನ ಪರಿಹಾರವೂ ಬರುತ್ತದೆ. ಇವೆಲ್ಲ ಒಂದೇ ಪಾಸುಪುಸ್ತಕದಲ್ಲಿ ಬೆರೆತು ಕುಳಿತಿದ್ದರೂ ಕಾಯ್ದೆಯ ಕಣ್ಣಿಗೆ ಬೇರೆ ಬೇರೆ. ಯಾವ ಹಣ ಯಾವುದು ಎಂದು ತೋರಿಸಬೇಕಾದವರು ನಾವು. ಬಾಯಿಂದ ಹೇಳಿದರೆ ಸಾಲದು, ಕಾಗದದಿಂದ ತೋರಿಸಬೇಕು.

ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಕ್ಕೀತೆ? ಹಾಗೆಯೇ ಆಡಿಟರ ಮುಂದೆ ಕುಳಿತ ಮೇಲೆ ಚೀಟಿ ಹುಡುಕಿದರೆ ಆಗದು. ಆ ಭೇಟಿಗೆ ಮುಂಚೆ ಮನೆಯಲ್ಲಿಯೇ ಮಾಡಿಕೊಳ್ಳಬೇಕಾದ ಸಿದ್ಧತೆಯೇ ಈ ಪಾಠದ ವಿಷಯ.

ಏನು ಬದಲಾಗಿದೆ?

ಮೊದಲನೆಯದಾಗಿ, ಕಾಯ್ದೆಯೇ ಬದಲಾಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಇದಕ್ಕೆ 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಜಾರಿಯ ದಿನ 2026ರ ಏಪ್ರಿಲ್ 1. ಹಳೆಯ ಕಾಯ್ದೆಯಲ್ಲಿ ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂದು ಎರಡು ಹೆಸರುಗಳಿದ್ದು ಜನರಿಗೆ ಗೊಂದಲವಾಗುತ್ತಿತ್ತು. ಹೊಸ ಕಾಯ್ದೆಯಲ್ಲಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು. ಆದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಬಂದ ಆದಾಯದ ಲೆಕ್ಕವನ್ನು ಹಳೆಯ ಕಾಯ್ದೆಯಂತೆಯೇ ಕೊಡತಕ್ಕದ್ದು. ಈ ಪಾಠದ ಲೆಕ್ಕಗಳೆಲ್ಲ ಆ 2025-26ನೆಯ ವರ್ಷದವು.

ಎರಡನೆಯದಾಗಿ, ತೆರಿಗೆಯ ದರ ಬದಲಾಗಿದೆ. 2025-26ರ ಆದಾಯಕ್ಕೆ ‘ಹೊಸ ಪದ್ಧತಿ’ಯಲ್ಲಿ ಮೊದಲ 4 ಲಕ್ಷ ರೂಪಾಯಿಗೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇಕಡಾ 5, 8ರಿಂದ 12 ಲಕ್ಷದವರೆಗೆ ಶೇಕಡಾ 10, 12ರಿಂದ 16 ಲಕ್ಷದವರೆಗೆ ಶೇಕಡಾ 15, 16ರಿಂದ 20 ಲಕ್ಷದವರೆಗೆ ಶೇಕಡಾ 20, 20ರಿಂದ 24 ಲಕ್ಷದವರೆಗೆ ಶೇಕಡಾ 25, ಅದರ ಮೇಲೆ ಶೇಕಡಾ 30. ಆದಾಯ 12 ಲಕ್ಷ ಮೀರದಿದ್ದರೆ 60,000 ರೂಪಾಯಿಯವರೆಗೆ ರಿಬೇಟು ಸಿಗುತ್ತದೆ. “12 ಲಕ್ಷದವರೆಗೆ ತೆರಿಗೆ ಇಲ್ಲ” ಎಂದು ಜನ ಹೇಳುವುದು ಇದನ್ನೇ.

ಇಲ್ಲಿ ಎರಡು ಎಚ್ಚರಿಕೆ. ತೆರಿಗೆ ಇಲ್ಲವೆಂದ ಮಾತ್ರಕ್ಕೆ ರಿಟರ್ನು ಬೇಡವೆಂದಲ್ಲ. ತೆರಿಗೆಗೆ ಸೇರುವ ಆದಾಯ 4 ಲಕ್ಷ ಮೀರಿದರೆ ರಿಟರ್ನು ಸಲ್ಲಿಸಲೇಬೇಕು. ತಡವಾದರೆ ಆದಾಯ 5 ಲಕ್ಷದೊಳಗಿದ್ದವರಿಗೆ 1,000, ಮೇಲಿದ್ದವರಿಗೆ 5,000 ರೂಪಾಯಿ ತಡದ ಶುಲ್ಕ ಬೀಳುತ್ತದೆ. ಮತ್ತೊಂದು, ಜಮೀನು ಮಾರಿದ ಲಾಭದಂಥ ವಿಶೇಷ ದರದ ಆದಾಯದ ತೆರಿಗೆಗೆ ಹೊಸ ಪದ್ಧತಿಯ ಈ ರಿಬೇಟು ಅನ್ವಯಿಸುವುದಿಲ್ಲ.

ಮೂರು ಗಂಟು ಕಟ್ಟಿರಿ

ಭೇಟಿಗೆ ಒಂದು ವಾರ ಮೊದಲು ಮನೆಯ ಕಾಗದಗಳನ್ನೆಲ್ಲ ಜಗುಲಿಯ ಮೇಲೆ ಹರವಿಕೊಳ್ಳಿ. ಬ್ಯಾಂಕಿನ ಪಾಸುಪುಸ್ತಕವನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪೂರ್ತಿ ಎಂಟ್ರಿ ಮಾಡಿಸಿ ತನ್ನಿ. ಖಾತೆಗೆ ಬಂದ ಪ್ರತಿಯೊಂದು ದೊಡ್ಡ ಮೊತ್ತದ ಎದುರಿಗೆ ಪೆನ್ಸಿಲಿನಿಂದ ‘ಹೊಲ’, ‘ಇತರೆ’, ‘ಜಮೀನು’ ಎಂದು ಬರೆಯಿರಿ. ಆ ಹೆಸರಿನಂತೆಯೇ ಕಾಗದಗಳನ್ನು ಮೂರು ಗಂಟಾಗಿ ಕಟ್ಟಿರಿ.

ಮೊದಲ ಗಂಟು: ಹೊಲದ್ದು

ಬೆಳೆ ಮಾರಿದ ಹಣ, ಬೇಸಾಯಕ್ಕೆಂದು ಜಮೀನನ್ನು ಗುತ್ತಿಗೆಗೆ ಕೊಟ್ಟು ಪಡೆದ ಹಣ, ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಹಣ, ಇವು ಬೇಸಾಯದ ಆದಾಯ. ಬೆಳೆಯನ್ನು ಮಾರುಕಟ್ಟೆಗೆ ಯೋಗ್ಯವಾಗುವಂತೆ ರೈತರು ವಾಡಿಕೆಯಂತೆ ಒಕ್ಕುವುದು, ಒಣಗಿಸುವುದು, ಹಸನು ಮಾಡುವುದು ಕೂಡ ಬೇಸಾಯದ ಭಾಗವೇ. ಅದನ್ನು ದಾಟಿ ಕಾರ್ಖಾನೆಯ ಕೆಲಸಕ್ಕೆ ಹೋದರೆ ಲೆಕ್ಕ ಬೇರೆಯಾಗುತ್ತದೆ. ಕಾಫಿ ಬೆಳೆಗಾರರನ್ನೇ ನೋಡಿ. ತಾನು ಬೆಳೆದ ಕಾಫಿಯನ್ನು ತಾನೇ ಸಂಸ್ಕರಿಸಿ ಬೀಜವಾಗಿ ಮಾರಿದರೆ ಲಾಭದ ಶೇಕಡಾ 25 ಭಾಗ ತೆರಿಗೆಗೆ ಸೇರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ಭಾಗ ಸೇರುತ್ತದೆ.

ಈ ಗಂಟಿನಲ್ಲಿ ಇರಬೇಕಾದವು:

ಆ ವರ್ಷದ ಪಹಣಿ. ಅದರಲ್ಲಿ ಹಿಡುವಳಿದಾರರ ಹೆಸರನ್ನೂ ಬೆಳೆಯ ಕಾಲಮನ್ನೂ ಓದಿಸಿ ನೋಡಿ. ನೀವು ಬೆಳೆದದ್ದು ಈರುಳ್ಳಿ, ಪಹಣಿಯಲ್ಲಿರುವುದು ಜೋಳ ಎಂದಾದರೆ ಅದನ್ನು ತಿದ್ದಿಸುವ ಕೆಲಸ ಇಂದೇ ಆರಂಭವಾಗಬೇಕು.

ಮಂಡಿಯ ಪಟ್ಟಿ, ಸಕ್ಕರೆ ಕಾರ್ಖಾನೆಯ ಬಿಲ್ಲು, ಸಹಕಾರ ಸಂಘದ ರಸೀದಿ. ಮಂಡಿಯಲ್ಲಿ ಹೆಸರು ಸರಿಯಾಗಿ ಬರೆಸಿ. ಅಣ್ಣನ ಹೆಸರಿನ ಪಟ್ಟಿ, ತಮ್ಮನ ಖಾತೆಗೆ ಹಣ ಎಂದಾದರೆ ಇಬ್ಬರಿಗೂ ವಿವರಣೆಯ ಕೆಲಸ.

ಬೀಜ, ಗೊಬ್ಬರ, ಔಷಧಿಯ ಬಿಲ್ಲುಗಳು ಮತ್ತು ಕೂಲಿಯ ಲೆಕ್ಕ. ಬೇಸಾಯದ ಆದಾಯವೆಂದರೆ ಮಾರಿದ ಮೊತ್ತವಲ್ಲ, ಖರ್ಚು ಕಳೆದು ಉಳಿದದ್ದು. ಕೂಲಿಗೆ ರಸೀದಿ ಸಿಗುವುದಿಲ್ಲ, ನಿಜ. ದಿನಾಂಕ, ಆಳಿನ ಸಂಖ್ಯೆ, ಕೊಟ್ಟ ಮೊತ್ತ, ಈ ಮೂರನ್ನು ಒಂದು ನೋಟುಪುಸ್ತಕದಲ್ಲಿ ಅಂದಂದೇ ಬರೆದಿಟ್ಟರೆ ಅದೇ ದಾಖಲೆ.

“ತೆರಿಗೆಯೇ ಇಲ್ಲದ ಆದಾಯಕ್ಕೆ ಇಷ್ಟು ಕಾಗದ ಏಕೆ?” ಎಂದು ಕೇಳಬಹುದು. ಕಾರಣಗಳಿವೆ. ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಆ ಸಂಗತಿಯನ್ನು ತೆರಿಗೆ ಇಲಾಖೆಗೆ ತಿಳಿಸುತ್ತದೆ. ಹಣದ ಮೂಲ ಯಾವುದೆಂದು ಇಲಾಖೆ ಕೇಳಿದಾಗ ಪಹಣಿ ಮತ್ತು ಮಂಡಿ ಪಟ್ಟಿಯೇ ನಿಮ್ಮ ಸಾಕ್ಷಿ. ಬೇಸಾಯದ ಆದಾಯ 5,000 ರೂಪಾಯಿ ಮೀರಿದ್ದರೆ ಐಟಿಆರ್-1, ಐಟಿಆರ್-4 ಎಂಬ ಸರಳ ನಮೂನೆಗಳನ್ನು ಬಳಸುವಂತಿಲ್ಲ. 5 ಲಕ್ಷ ಮೀರಿದ್ದರೆ ಜಮೀನಿರುವ ಜಿಲ್ಲೆ ಮತ್ತು ಪಿನ್ ಕೋಡು, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೆಲ್ಲ ರಿಟರ್ನಿನಲ್ಲಿ ತುಂಬಬೇಕು. ಪಹಣಿ ಇಲ್ಲದೆ ಇದನ್ನು ಹೇಗೆ ತುಂಬುವುದು?

ಇನ್ನೊಂದು ಕಾರಣವನ್ನು ಬಹಳ ಮಂದಿ ತಿಳಿದಿಲ್ಲ. ಬೇಸಾಯದ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ದರೂ, ಬೇರೆ ಆದಾಯದ ದರವನ್ನು ನಿಶ್ಚಯಿಸಲು ಅದನ್ನು ಜೊತೆಗೆ ಹಿಡಿಯುತ್ತಾರೆ. ಒಂದು ಉದಾಹರಣೆ ನೋಡೋಣ. ಊರಿನ ಶಾಲೆಯ ಮೇಷ್ಟರೊಬ್ಬರಿಗೆ ಸಂಬಳದಿಂದ, ಕಳೆಯುವುದನ್ನು ಕಳೆದು, 9 ಲಕ್ಷ ಆದಾಯವಿದೆ. ಅಡಿಕೆ ತೋಟದಿಂದ ಖರ್ಚು ಕಳೆದು 6 ಲಕ್ಷ ಉಳಿದಿದೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಕೂಡಿಸಿ 15 ಲಕ್ಷಕ್ಕೆ ತೆರಿಗೆ ಹಾಕಿದರೆ 1,05,000 ರೂಪಾಯಿ. ತೋಟದ 6 ಲಕ್ಷಕ್ಕೆ ಮಾಫಿಯ 4 ಲಕ್ಷ ಕೂಡಿಸಿ 10 ಲಕ್ಷಕ್ಕೆ ಹಾಕಿದರೆ 40,000 ರೂಪಾಯಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 65,000. ಇದರಲ್ಲಿ ರಿಬೇಟು 60,000 ಹೋಗಿ ಉಳಿದದ್ದು 5,000. ಶೇಕಡಾ 4ರ ಸೆಸ್ ಸೇರಿ 5,200 ರೂಪಾಯಿ. ತೋಟವಿಲ್ಲದಿದ್ದರೆ ಅದೇ ಮೇಷ್ಟರಿಗೆ ತೆರಿಗೆ ಸೊನ್ನೆ. “12 ಲಕ್ಷದವರೆಗೆ ಇಲ್ಲ” ಎಂದು ನಂಬಿ ತೋಟದ ಮಾತನ್ನೇ ಎತ್ತದೆ ಬಂದರೆ ರಿಟರ್ನು ತಪ್ಪಾಗುತ್ತದೆ.

ಆದರೆ ಬೇರೆ ಆದಾಯವು 4 ಲಕ್ಷದೊಳಗೇ ಇದ್ದರೆ ಈ ಕೂಡಿಸುವ ಲೆಕ್ಕವೇ ಇಲ್ಲ. ಬೆಳೆಯಿಂದ 10 ಲಕ್ಷ, ಬಡ್ಡಿಯಿಂದ 80 ಸಾವಿರ ಬಂದವರಿಗೆ ತೆರಿಗೆ ಏನೂ ಇಲ್ಲ.

ಎರಡನೆಯ ಗಂಟು: ಕೊಟ್ಟಿಗೆ, ಗೂಡು, ಬಾಡಿಗೆ, ಬಡ್ಡಿ

ಹೊಲದ ಪಕ್ಕದಲ್ಲೇ ನಡೆದರೂ ಬೇಸಾಯವಲ್ಲದ ಕಸುಬುಗಳು ಈ ಗಂಟಿಗೆ ಸೇರುತ್ತವೆ. ಹಾಲು, ಕೋಳಿ, ಕುರಿ, ಮೀನು, ಇವುಗಳ ಲಾಭ ಬೇಸಾಯದ ಆದಾಯವಲ್ಲ.

ರೇಷ್ಮೆ ಬೆಳೆಗಾರರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹಿಪ್ಪುನೇರಳೆ ಬೆಳೆಯುವುದು ಬೇಸಾಯ. ಆದರೆ ಆ ಸೊಪ್ಪನ್ನು ಹುಳುವಿಗೆ ಹಾಕಿ ಪಡೆದ ಗೂಡಿನ ಆದಾಯ ಬೇಸಾಯದ್ದಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪು ಕೊಟ್ಟಿದೆ. ಗೂಡಿನ ಮಾರುಕಟ್ಟೆಯ ಚೀಟಿಗಳನ್ನು ಹೊಲದ ಗಂಟಿಗೆ ಸೇರಿಸಬೇಡಿ.

ಜಮೀನಿನ ಬಾಡಿಗೆಯಲ್ಲಿಯೂ ಭೇದವುಂಟು. ರಾಗಿ ಬೆಳೆಯಲು ಗುತ್ತಿಗೆ ಕೊಟ್ಟರೆ ಬೇಸಾಯದ ಆದಾಯ. ಮೊಬೈಲು ಗೋಪುರಕ್ಕೋ ಸೌರ ವಿದ್ಯುತ್ತಿಗೋ ಕೊಟ್ಟರೆ ಅಲ್ಲ. ಪಾವಗಡದ ಸೌರ ಉದ್ಯಾನಕ್ಕೆ ರೈತರು ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತಾಗಿತ್ತು. ಆ ದರದಲ್ಲಿ 10 ಎಕರೆ ಕೊಟ್ಟವರಿಗೆ 2,10,000 ಬರುತ್ತದೆ. ಬೇರೇನೂ ಆದಾಯವಿಲ್ಲದಿದ್ದರೆ ಅದು 4 ಲಕ್ಷದೊಳಗಿದ್ದು ತೆರಿಗೆ ಬೀಳದು. ಆದರೂ ಅದನ್ನು ‘ಬೇಸಾಯ’ ಎಂದು ಬರೆಸುವುದು ತಪ್ಪೇ.

ಹಾಲು ಮಾರುವವರಿಗೂ ಗೂಡು ಮಾರುವವರಿಗೂ ಒಂದು ಸರಳ ಮಾರ್ಗವಿದೆ. ವರ್ಷದ ವ್ಯಾಪಾರ 2 ಕೋಟಿಯೊಳಗಿದ್ದರೆ, ಬ್ಯಾಂಕಿನ ಮೂಲಕ ಬಂದ ಹಣದ ಕನಿಷ್ಠ ಶೇಕಡಾ 6, ನಗದಾಗಿ ಬಂದುದರ ಕನಿಷ್ಠ ಶೇಕಡಾ 8 ಭಾಗವನ್ನು ಲಾಭವೆಂದು ತೋರಿಸಬಹುದು; ವಿವರವಾದ ಲೆಕ್ಕದ ಪುಸ್ತಕ ಬೇಕಿಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚೆಂದು ತಿಳಿದಿದ್ದರೆ ಹೆಚ್ಚನ್ನೇ ತೋರಿಸಬೇಕು. ಡೇರಿಯಿಂದ ಖಾತೆಗೆ 9 ಲಕ್ಷ ಬಟವಾಡೆ ಬಂದಿದ್ದರೆ ಶೇಕಡಾ 6ರ ಲೆಕ್ಕದಲ್ಲಿ 54,000 ರೂಪಾಯಿ. ಬಟವಾಡೆ ಪುಸ್ತಕವನ್ನು ಒಯ್ದು, ಈ ಮಾರ್ಗ ನಿಮಗೆ ಹೊಂದುವುದೇ ಎಂದು ಆಡಿಟರನ್ನು ಕೇಳಿರಿ.

ಬ್ಯಾಂಕಿನ ಠೇವಣಿಯ ಬಡ್ಡಿ, ಪಿಂಚಣಿ, ಮಗನೊಡನೆ ಕೂಡಿ ನಡೆಸುವ ಅಂಗಡಿಯ ಲೆಕ್ಕ, ಎಲ್ಲವೂ ಈ ಗಂಟಿಗೇ. 2025ರ ಏಪ್ರಿಲ್ 1ರಿಂದ ಬ್ಯಾಂಕಿನ ಠೇವಣಿಯ ಬಡ್ಡಿಯು ವರ್ಷಕ್ಕೆ 50,000 ರೂಪಾಯಿ, 60 ವರ್ಷ ತುಂಬಿದವರಿಗೆ 1 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ ಹಿಡಿಯುತ್ತದೆ. ನಿಮಗೆ ತೆರಿಗೆಯೇ ಬೀಳದಿದ್ದರೆ ಆ ಹಣ ನಿಮ್ಮದು. ಆದರೆ ರಿಟರ್ನು ಸಲ್ಲಿಸಿದವರಿಗೆ ಮಾತ್ರ ಅದು ವಾಪಸು ಬರುತ್ತದೆ. ಪ್ಯಾನ್ ಕಾರ್ಡಿಗೆ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೆ ಹಿಡಿಯುವ ದರವೇ ಹೆಚ್ಚು, ವಾಪಸು ಬರುವುದೂ ನಿಲ್ಲುತ್ತದೆ. ಆದುದರಿಂದ ಜೋಡಣೆ ಆಗಿದೆಯೇ ಎಂದು ಭೇಟಿಗೆ ಮೊದಲೇ ನೋಡಿಸಿಕೊಳ್ಳಿ.

ಮೂರನೆಯ ಗಂಟು: ಜಮೀನಿನದು

ವರ್ಷದಲ್ಲಿ ಜಮೀನು ಮಾರಿದ್ದರೆ, ಅಥವಾ ಸರ್ಕಾರ ವಶಪಡಿಸಿಕೊಂಡು ಪರಿಹಾರ ಕೊಟ್ಟಿದ್ದರೆ, ಈ ಗಂಟು ಎಲ್ಲಕ್ಕಿಂತ ಮುಖ್ಯ. ಬೆಳೆಯ ಹಣ ವರ್ಷಕ್ಕೊಮ್ಮೆ ಬಂದೀತು. ಜಮೀನಿನ ಹಣ ಒಂದು ತಲೆಮಾರಿಗೆ ಒಮ್ಮೆ ಬರುವುದು. ಇಲ್ಲಿ ಕಾಗದ ತಪ್ಪಿದರೆ ಹೋಗುವುದು ಮಕ್ಕಳ ಓದಿನ ಹಣ, ಮನೆಯ ಹಣ.

ಹಳ್ಳಿಯ ಸಾಗುವಳಿ ಜಮೀನನ್ನು ಮಾರಿದರೆ ಲಾಭಕ್ಕೆ ತೆರಿಗೆಯೇ ಇಲ್ಲ. ಪೇಟೆಯ ಹತ್ತಿರದ ಜಮೀನಿಗೆ ಉಂಟು. ‘ಹತ್ತಿರ’ ಎಂದರೆ ಎಷ್ಟು? ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು 1 ಲಕ್ಷ ಮೀರದ ಪಟ್ಟಣವಾದರೆ ಅದರ ಎಲ್ಲೆಯಿಂದ 2 ಕಿಲೋಮೀಟರ್. 1 ಲಕ್ಷ ಮೀರಿ 10 ಲಕ್ಷದೊಳಗಾದರೆ 6 ಕಿಲೋಮೀಟರ್. 10 ಲಕ್ಷ ಮೀರಿದರೆ 8 ಕಿಲೋಮೀಟರ್. 2011ರ ಜನಗಣತಿಯಂತೆ ಚನ್ನರಾಯಪಟ್ಟಣ ಮೊದಲ ವರ್ಗಕ್ಕೆ, ದಾವಣಗೆರೆ ಮತ್ತು ಶಿವಮೊಗ್ಗ ಎರಡನೆಯದಕ್ಕೆ, ಬೆಂಗಳೂರು ಮೂರನೆಯದಕ್ಕೆ ಸೇರುತ್ತವೆ. ದೂರವನ್ನು ರಸ್ತೆಯ ಮೇಲೆ ಅಳೆಯುವುದಿಲ್ಲ. ಹಕ್ಕಿ ಹಾರುವ ನೇರದಲ್ಲಿ ಅಳೆಯುತ್ತಾರೆ. ಎತ್ತಿನಗಾಡಿಯ ದಾರಿಯಲ್ಲಿ 3 ಕಿಲೋಮೀಟರ್ ಇರುವ ಹೊಲ ನೇರದಲ್ಲಿ 2ರೊಳಗೆ ಬಿದ್ದೀತು.

ಇದರಿಂದ ಆಗುವ ವ್ಯತ್ಯಾಸವೆಷ್ಟು? 2010ರ ಜೂನ್‌ನಲ್ಲಿ 5 ಲಕ್ಷಕ್ಕೆ ಕೊಂಡ ಜಮೀನನ್ನು 2025ರ ಸೆಪ್ಟೆಂಬರಿನಲ್ಲಿ 35 ಲಕ್ಷಕ್ಕೆ ಮಾರಿದರೆನ್ನೋಣ. ಮಾರಿದವರಿಗೆ ಬೇರೆ ಆದಾಯ 4 ಲಕ್ಷ ಮೀರಿ ಇದೆ. ಜಮೀನು ಎಲ್ಲೆಯ ಒಳಗೆ ಬಿದ್ದರೆ ಲಾಭ 30 ಲಕ್ಷಕ್ಕೆ ಶೇಕಡಾ 12.5ರಂತೆ 3,75,000, ಸೆಸ್ ಸೇರಿ 3,90,000 ರೂಪಾಯಿ. ಎಲ್ಲೆಯ ಹೊರಗೆ ಬಿದ್ದರೆ ಸೊನ್ನೆ. ಈ 3,90,000 ರೂಪಾಯಿಯನ್ನು ಉಳಿಸುವುದೋ ಕಳೆಯುವುದೋ ದೂರದ ಒಂದು ದೃಢೀಕರಣ ಪತ್ರದ ಮೇಲೆ ನಿಂತಿದೆ. ಜಮೀನು ಮಾರುವ ಮೊದಲೇ ತಾಲೂಕು ಕಚೇರಿಯಲ್ಲಿ ವಿಚಾರಿಸಿ ಅದನ್ನು ಪಡೆದಿಡುವುದು ಬುದ್ಧಿವಂತಿಕೆ.

ಶೇಕಡಾ 12.5ರ ದರವೂ ಹೊಸದೇ. 2024ರ ಜುಲೈ 23ರಿಂದ ಅದು ಬಂದಿದೆ. ಅದಕ್ಕೂ ಮೊದಲು ಕೊಂಡ ಜಮೀನಾದರೆ, ಬೆಲೆಯೇರಿಕೆಯ ಸೂಚ್ಯಂಕದಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಶೇಕಡಾ 20ರ ಲೆಕ್ಕವನ್ನೂ ಹಾಕಿ ನೋಡಿ, ಎರಡರಲ್ಲಿ ಕಡಮೆಯಾದುದನ್ನು ಕಟ್ಟಬಹುದು. ಮೇಲಿನ ಉದಾಹರಣೆಯಲ್ಲಿ 2010-11ರ ಸೂಚ್ಯಂಕ 167, 2025-26ರದು 376. ಹಾಗೆ ಲೆಕ್ಕ ಹಾಕಿದರೆ ಸೆಸ್ ಬಿಟ್ಟು ಸುಮಾರು 4,74,850 ಆಗುತ್ತದೆ. ಅಲ್ಲಿಗೆ 12.5ರ ದಾರಿಯೇ ಅಗ್ಗ. ಎಲ್ಲರಿಗೂ ಹಾಗೆಯೇ ಆಗಬೇಕೆಂದಿಲ್ಲ. ಎರಡೂ ಲೆಕ್ಕ ಹಾಕಿಸಿ. ಅದಕ್ಕಾಗಿ ಹಳೆಯ ಕ್ರಯಪತ್ರ ಬೇಕು. 2001ರ ಏಪ್ರಿಲ್ 1ಕ್ಕೆ ಮೊದಲೇ ಮನೆತನಕ್ಕೆ ಬಂದ ಪಿತ್ರಾರ್ಜಿತ ಜಮೀನಾದರೆ ಆ ದಿನದ ಬೆಲೆಯನ್ನು ಹಿಡಿಯಬಹುದು. ಆದರೆ ಅದು ಆ ದಿನದ ನೋಂದಣಿ ಬೆಲೆಯನ್ನು ಮೀರುವಂತಿಲ್ಲ. ಅದರ ವಿವರವನ್ನು ಉಪನೋಂದಣಿ ಕಚೇರಿಯಿಂದ ತರಿಸಿಡಿ.

ಎಲ್ಲೆಯೊಳಗಿನ ಜಮೀನನ್ನು ಮಾರಿದವರಿಗೂ ದಾರಿ ಮುಚ್ಚಿಲ್ಲ. ಮಾರುವುದಕ್ಕೆ ಹಿಂದಿನ ಎರಡು ವರ್ಷ ಅದರಲ್ಲಿ ನೀವಾಗಲಿ ನಿಮ್ಮ ತಂದೆತಾಯಿಗಳಾಗಲಿ ಬೇಸಾಯ ಮಾಡಿದ್ದರೆ, ಮಾರಿದ ಎರಡು ವರ್ಷದೊಳಗೆ ಬೇರೆ ಸಾಗುವಳಿ ಜಮೀನು ಕೊಂಡು ಅಷ್ಟರಮಟ್ಟಿಗೆ ತೆರಿಗೆ ಉಳಿಸಬಹುದು. ರಿಟರ್ನಿನ ಕೊನೆಯ ದಿನದೊಳಗೆ ಕೊಳ್ಳಲಾಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭದ ವಿಶೇಷ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲಿಟ್ಟರೆ ಸಲ್ಲದು. ಹೀಗೆ ಕೊಂಡ ಜಮೀನನ್ನು ಮೂರು ವರ್ಷದೊಳಗೆ ಮಾರಕೂಡದು. ಬೇಸಾಯ ನಡೆದಿತ್ತೆಂಬುದಕ್ಕೆ ಇಲ್ಲಿಯೂ ಪಹಣಿಯ ಬೆಳೆ ಕಾಲಮೇ ಸಾಕ್ಷಿ.

ಇನ್ನು ಪರಿಹಾರದ ವಿಷಯ. 2013ರ ಭೂಸ್ವಾಧೀನ ಕಾಯ್ದೆಯ 96ನೆಯ ಸೆಕ್ಷನ್ನಿನಂತೆ, ಆ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಖಾಸಗಿಯವರು ನೇರವಾಗಿ ಕೊಳ್ಳುವ 46ನೆಯ ಸೆಕ್ಷನ್ನಿನ ವ್ಯವಹಾರ ಮಾತ್ರ ಇದಕ್ಕೆ ಹೊರತು. ಎಲ್ಲ ಸ್ವಾಧೀನವೂ ಆ ಕಾಯ್ದೆಯಡಿಯೇ ನಡೆಯುವುದಿಲ್ಲ. ಆದುದರಿಂದ ಪರಿಹಾರದ ಆದೇಶದ ಪ್ರತಿಯನ್ನು ಪಡೆದು, ಯಾವ ಕಾಯ್ದೆ, ಯಾವ ಸರ್ವೆ ನಂಬರು, ಜಮೀನಿಗೆಷ್ಟು, ಮರಗಳಿಗೆಷ್ಟು, ಬಡ್ಡಿಯೆಷ್ಟು ಎಂಬುದನ್ನು ಗುರುತು ಹಾಕಿ ಒಯ್ಯಿರಿ. ನ್ಯಾಯಾಲಯಕ್ಕೆ ಹೋಗಿ ಹೆಚ್ಚುವರಿ ಪರಿಹಾರ ಪಡೆದವರು ಬಡ್ಡಿಯ ಮೊತ್ತವನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು. ಆದಾಯ ತೆರಿಗೆ ಕಾಯ್ದೆಯಂತೆ ಅಂಥ ಬಡ್ಡಿಯಲ್ಲಿ ಅರ್ಧ ಬಿಟ್ಟು ಅರ್ಧ, ಹಣ ಕೈಸೇರಿದ ವರ್ಷದ ಆದಾಯವಾಗುತ್ತದೆ.

ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದ್ದರೆ ಪೌತಿ ಖಾತೆ ಮಾಡಿಸುವುದನ್ನು ಮುಂದೂಡಬೇಡಿ. ಪರಿಹಾರ ಒಬ್ಬ ಅಣ್ಣನ ಖಾತೆಗೆ ಬಂದು, ಆಮೇಲೆ ನಾಲ್ವರು ಹಂಚಿಕೊಂಡಿದ್ದರೆ ಹಂಚಿಕೆಯ ಪತ್ರವೂ ಗಂಟಿನಲ್ಲಿರಲಿ.

ಮಾರುವಾಗ ಮುಂಗಡವೆಂದು 20,000 ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಕಾಯ್ದೆ ತಡೆಯುತ್ತದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವರು, ಪಡೆಯುವವರು ಇಬ್ಬರಿಗೂ ಬೇಸಾಯದ ಆದಾಯ ಮಾತ್ರ ಇದ್ದಾಗ ಇದರಿಂದ ಬಿಡುಗಡೆಯುಂಟು. ಎದುರಿಗಿರುವವರ ಆದಾಯ ಏನೆಂದು ನಮಗೇನು ಗೊತ್ತು? ಬ್ಯಾಂಕಿನ ಮೂಲಕವೇ ಪಡೆಯುವುದು ಲೇಸು.

ಎರಡು ಭಯ, ಒಂದು ಆಸೆ

“ರಿಟರ್ನು ಹಾಕಿದರೆ ಪಿಎಂ ಕಿಸಾನ್ ಹಣ ನಿಲ್ಲುತ್ತದಂತೆ” ಎಂಬುದು ಮೊದಲ ಭಯ. ವರ್ಷಕ್ಕೆ 6,000 ರೂಪಾಯಿ ಕೊಡುವ ಆ ಯೋಜನೆಯಿಂದ ಹೊರಗಿಡುವುದು ಹಿಂದಿನ ನಿರ್ಧರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು. ನಿಯಮದಲ್ಲಿರುವ ಮಾತು ‘ತೆರಿಗೆ ಕಟ್ಟಿದವರು’ ಎಂದು. ‘ರಿಟರ್ನು ಸಲ್ಲಿಸಿದವರು’ ಎಂದಲ್ಲ.

“ಹೇಳಿದರೆ ಸಿಕ್ಕಿಬೀಳುತ್ತೇವೆ, ಸುಮ್ಮನಿದ್ದರೆ ಗೊತ್ತಾಗದು” ಎಂಬುದು ಎರಡನೆಯದು. ಬ್ಯಾಂಕಿನ ಬಡ್ಡಿ, ದೊಡ್ಡ ನಗದು ಠೇವಣಿ, 30 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿಯ ನೋಂದಣಿ, ಇವೆಲ್ಲ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯ ಎದುರಿಗೆ ಮೊದಲೇ ಬಂದಿರುತ್ತವೆ. 2021ರಿಂದ ಈ ಪಟ್ಟಿಯನ್ನು ನಾವೂ ನೋಡಬಹುದು. ಆಡಿಟರಲ್ಲಿ ಮೊದಲು ಅದನ್ನೇ ತೆಗೆಸಿ, ನಿಮ್ಮ ಮೂರು ಗಂಟಿನೊಡನೆ ತಾಳೆ ನೋಡಿ. ಪಟ್ಟಿಯಲ್ಲಿ ತಪ್ಪಿದ್ದರೆ ತಪ್ಪೆಂದು ತಿಳಿಸಲು ಅಲ್ಲಿಯೇ ಅವಕಾಶವಿದೆ.

ಇನ್ನು ಆಸೆಯ ಮಾತು. ಪೇಟೆಯ ವ್ಯಾಪಾರಿಯೊಬ್ಬರು ಬಂದು, “ನಿಮ್ಮ ಪಹಣಿ ಕೊಡಿ, ನನ್ನ ಹಣವನ್ನು ನಿಮ್ಮ ಹೊಲದ ಬೆಳೆಯೆಂದು ತೋರಿಸುತ್ತೇನೆ, ಸ್ವಲ್ಪ ಕೊಡುತ್ತೇನೆ” ಎಂದರೆ ಒಪ್ಪಬೇಡಿ. ಮಳೆಯಾಶ್ರಿತ 2 ಎಕರೆಯಲ್ಲಿ ಬಾರದ ಆದಾಯವನ್ನು ಬಂದಿತೆಂದು ಬರೆದರೆ ಉತ್ತರ ಹೇಳಬೇಕಾದವರು ಹೊಲದ ಒಡೆಯರು. “ನಿಮಗೆ ದೊಡ್ಡ ವಾಪಸು ತರಿಸಿಕೊಡುತ್ತೇನೆ, ಅದರಲ್ಲಿ ಪಾಲು ಕೊಡಿ” ಎನ್ನುವವರನ್ನೂ ದೂರವಿಡಿ. ಆದಾಯವನ್ನು ಬೇಕೆಂದೇ ತಪ್ಪಾಗಿ ತೋರಿಸಿದರೆ, ಅದರಿಂದ ತಪ್ಪಿದ ತೆರಿಗೆಯ ಎರಡರಷ್ಟು ದಂಡವುಂಟು. ದಂಡ ಬೀಳುವುದು ಸಹಿ ಮಾಡಿದವರಿಗೆ. ಬೇಸಾಯದ ವಿನಾಯಿತಿ ಬೆವರು ಸುರಿಸಿದವರ ಹಕ್ಕು; ಅದನ್ನು ಬಾಡಿಗೆಗೆ ಕೊಟ್ಟರೆ ಪ್ರಾಮಾಣಿಕ ರೈತರ ಮೇಲೂ ಸಂಶಯ ಬೀಳುತ್ತದೆ.

ಭೇಟಿಯ ದಿನ

ಜೂನ್ ತಿಂಗಳ ನಡುವಿನ ಹೊತ್ತಿಗೆ ಬ್ಯಾಂಕುಗಳು ಹಿಡಿದ ತೆರಿಗೆಯ ವಿವರ ಸಾಮಾನ್ಯವಾಗಿ ಪಟ್ಟಿಗೆ ಬಂದಿರುತ್ತದೆ. ಬಿತ್ತನೆ ಮುಗಿಸಿ, ಕೊನೆಯ ದಿನಗಳ ನೂಕುನುಗ್ಗಲಿಗೆ ಮೊದಲೇ ಹೋಗಿರಿ. ಮೂರು ಗಂಟು, ಪ್ಯಾನ್, ಆಧಾರ್, ಪಾಸುಪುಸ್ತಕ, ಕಳೆದ ವರ್ಷದ ರಿಟರ್ನಿನ ಪ್ರತಿ ಜೊತೆಗಿರಲಿ. ಮೂಲಪತ್ರಗಳನ್ನು ತೋರಿಸಿ ವಾಪಸು ಪಡೆಯಿರಿ. ನಕಲನ್ನು ಮಾತ್ರ ಕೊಟ್ಟು ಬನ್ನಿ.

ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಿ. ನನ್ನ ರಿಟರ್ನಿಗೆ ಕೊನೆಯ ದಿನ ಯಾವುದು? ಯಾವ ನಮೂನೆ, ಏಕೆ? ಹೊಸ ಪದ್ಧತಿ ಲಾಭವೋ ಹಳೆಯದೋ? ಬೇಸಾಯದ ಆದಾಯವೆಂದು ಎಷ್ಟು ಬರೆದಿದ್ದೀರಿ? ಹಾಲು, ಗೂಡು, ಅಂಗಡಿಯಂಥ ವ್ಯಾಪಾರದ ಆದಾಯ ಉಳ್ಳವರು ಹಳೆಯ ಪದ್ಧತಿಯನ್ನು ಆರಿಸಿ, ಮತ್ತೆ ಹೊಸದಕ್ಕೆ ಮರಳಿದರೆ ಪುನಃ ಹಳೆಯದಕ್ಕೆ ಹೋಗುವಂತಿಲ್ಲ. ಆದುದರಿಂದ ಮೂರನೆಯ ಪ್ರಶ್ನೆಗೆ ಅವಸರದ ಉತ್ತರ ಬೇಡ.

ಸಲ್ಲಿಸುವ ಮುನ್ನ ಬ್ಯಾಂಕ್ ಖಾತೆಯ ಸಂಖ್ಯೆ ನಿಮ್ಮದೇ ಎಂದು ಓದಿಸಿ ಕೇಳಿ. ಮೊಬೈಲು ಸಂಖ್ಯೆಯೂ ನಿಮ್ಮದೇ ಇರಲಿ. ಫೋನಿಗೆ ಬಂದ ಓಟಿಪಿಯನ್ನು ಏತಕ್ಕೆಂದು ತಿಳಿದ ಮೇಲೆಯೇ ಹೇಳಿ. ಸಲ್ಲಿಸಿದ 30 ದಿನದೊಳಗೆ ರಿಟರ್ನಿನ ದೃಢೀಕರಣ ಆಗತಕ್ಕದ್ದು. ಆಗದಿದ್ದರೆ ಸಲ್ಲಿಸಿದ ಫಲವಿಲ್ಲ. ಸ್ವೀಕೃತಿ ಪತ್ರವನ್ನು ಪಡೆದೇ ಮನೆಗೆ ಹೊರಡಿ.

ಮನನಕ್ಕೆ ಪ್ರಶ್ನೆಗಳು

ಸಂಜೆ ನಾಲ್ಕು ಮಂದಿ ಸೇರಿದಾಗ ಇವನ್ನು ಒಬ್ಬರನ್ನೊಬ್ಬರು ಕೇಳಿ ನೋಡಿ:

1. ಒಂದೇ ಮನೆಯ ಹಿಪ್ಪುನೇರಳೆ ತೋಟ, ರೇಷ್ಮೆ ಗೂಡು, ಟೊಮೇಟೊ, ಹಾಲು, ಇವುಗಳಲ್ಲಿ ಯಾವುದರ ಹಣ ಯಾವ ಗಂಟಿಗೆ?

2. ನಮ್ಮೂರಿನ ಹೊಲಗಳಿಗೂ ಹತ್ತಿರದ ಪಟ್ಟಣದ ಎಲ್ಲೆಗೂ ನೇರ ದೂರವೆಷ್ಟು? ಆ ಪಟ್ಟಣದ ಜನಸಂಖ್ಯೆ ಯಾವ ವರ್ಗಕ್ಕೆ ಸೇರುತ್ತದೆ?

3. ನನ್ನ ಪಹಣಿಯಲ್ಲಿ ಈ ವರ್ಷ ಯಾವ ಬೆಳೆ ನಮೂದಾಗಿದೆ? ಹೆಸರು ಯಾರದಿದೆ?

ಮೂರನೆಯ ಪ್ರಶ್ನೆಗೆ ಉತ್ತರ ತಿಳಿಯದವರು ನಾಳೆಯೇ ಪಹಣಿ ತೆಗೆಸಿ ನೋಡಲಿ. ಜೊತೆಗೆ ಒಂದು ನೋಟುಪುಸ್ತಕ ಕೊಂಡು ತರಲಿ. ಇಂದು ಕೊಟ್ಟ ಕೂಲಿ, ಇಂದು ಕೊಂಡ ಗೊಬ್ಬರ ಅದರ ಮೊದಲ ಸಾಲಾಗಲಿ. ಮುಂದಿನ ವರ್ಷದ ಹೊಲದ ಗಂಟು ಅಲ್ಲಿಂದಲೇ ಆರಂಭವಾಗುತ್ತದೆ.